ಬಂಡೆಯಡಿಯ ಓರೆ ಪದರ

ನಮ್ಮ ಚಿಕ್ಕಮ್ಮನಿಗೆ ಬೀದಿಯವರಿಟ್ಟ ಹೆಸರು ‘ನಡುಕದಮ್ಮ’. ಭೂಕಂಪದ ಕಚೇರಿಯಲ್ಲಿ ಕೆಲಸ ಎಂದರೆ ಮುಗಿಯಿತು, ಹಾಲಿನವನಿಂದ ಹಿಡಿದು ಎಲ್ಲರದೂ ಒಂದೇ ಪ್ರಶ್ನೆ: “ಅಮ್ಮಾ, ಮುಂದಿನದು ಯಾವಾಗ?” ವಿವರಿಸಿ ವಿವರಿಸಿ ಸೋತವಳು ಈಗ “ಬಂದ ಮೇಲೆ ಹೇಳ್ತೀನಿ” ಎಂದು ಬಾಗಿಲು ಹಾಕಿಕೊಳ್ಳುತ್ತಾಳೆ.

ಅವಳ ನಿಜವಾದ ಕೆಲಸ ಬೇರೆ. ಎಲ್ಲೋ ದೂರದ ಭೂಕಂಪದ ಅಲೆಗಳು ನೆಲದಡಿಯಿಂದ ಮೇಲೇರುವಾಗ, ಒಂದಷ್ಟು ಭಾಗ ಭೂಮಿಯ ತೊಗಟೆಯ ತಳದಲ್ಲಿ ರೂಪ ಬದಲಿಸಿ ತುಸು ತಡವಾಗಿ ಬಂದು ಮುಟ್ಟುತ್ತದೆ. ಆ ತಡದಿಂದ ತೊಗಟೆಯ ದಪ್ಪ ಲೆಕ್ಕ ಹಾಕಬೇಕು. ಬೆಟ್ಟಗಳ ಕೆಳಗೆ ಅದು ಆಳಕ್ಕಿಳಿದಿರುತ್ತದೆ. ಪುರಾತನ ಬಂಡೆನೆಲದ ಕೆಳಗೆ ಸಪಾಟು, ಸಪ್ಪೆ. ಆದರೆ ಬಂಡೆನೆಲದಲ್ಲಿ ಅಲೆಗಳನ್ನು ದಾಖಲಿಸುವ ಒಂದು ಕೇಂದ್ರದ ಕೆಳಗೆ ಮಾತ್ರ ಅವಳಿಗೆ ಓರೆಯಾದ ಪದರವೊಂದು ಕಂಡಿತು. ಇಡೀ ವೃತ್ತಿಯಲ್ಲಿ ಅವಳು ಕಂಡುಹಿಡಿದದ್ದು ಅದೊಂದೇ. ಪ್ರಬಂಧ ಅಚ್ಚಾಯಿತು, ಅವಳಿಗೆ ಹೆಸರೂ ಬಂತು.

ಅಲ್ಲಿಯ ಯಂತ್ರವನ್ನು ಗುಂಡಿಯಲ್ಲಿ ಕೂರಿಸಿದವರು ಚಿಕ್ಕಪ್ಪ, ಅದೇ ಕಚೇರಿಯ ಮೆಕ್ಯಾನಿಕ್. ಯಂತ್ರದ ಮೇಲಿನ ಬಾಣ ಉತ್ತರಕ್ಕೇ ಮುಖ ಮಾಡಿರಬೇಕು. ನಿವೃತ್ತಿಗೆ ಮುಂಚೆ ಹಳೆಯ ದಾಖಲೆ ನೋಡುತ್ತಿದ್ದ ಚಿಕ್ಕಮ್ಮನಿಗೆ, ಆ ಕೇಂದ್ರಕ್ಕೆ ಯಾವ ದಿಕ್ಕಿನ ಅಲೆ ಬಂದರೂ ಒಂದೇ ಸಮ ಪಕ್ಕಕ್ಕೆ ವಾಲಿರುವುದು ಕಣ್ಣಿಗೆ ಬಿತ್ತು. ಮಂಡಿನೋವಿನಲ್ಲೇ ಬಸ್ಸು ಹತ್ತಿದಳು. ಗುಂಡಿಯ ಕಬ್ಬಿಣದ ಮುಚ್ಚಳವನ್ನು ಪಕ್ಕಕ್ಕೆ ಒರಗಿಸಿ ದಿಕ್ಸೂಚಿ ಇಟ್ಟಳು. ಮುಳ್ಳು ಬಾಣದ ನೇರಕ್ಕೆ ನಿಂತಿತು. ಮುಚ್ಚಳವನ್ನು ದೂರಕ್ಕೆ ಎಳೆಸಿದಳು, ಕಬ್ಬಿಣದ ಸೆಳೆತ ತಪ್ಪಿದ ಮುಳ್ಳು ನಿಜವಾದ ಉತ್ತರಕ್ಕೆ ತಿರುಗಿತು. ಓರೆಯಾಗಿದ್ದದ್ದು ಯಂತ್ರ, ಪದರವಲ್ಲ.

ಮನೆಗೆ ಬಂದು ಲೆಕ್ಕ ಸರಿಪಡಿಸಿದಳು. ಪದರ ಮಾಯ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಗಂಡನಿಗೆ ಹೇಳುವುದೋ, ಅದು ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಕೊನೆಗೆ ಪಾತ್ರೆ ಒರೆಸುತ್ತಾ ಕೇಳಿದಳು.

“ರೀ, ದಿಕ್ಕು ನೋಡುವಾಗ ಮುಚ್ಚಳ ಪಕ್ಕದಲ್ಲೇ ಇತ್ತಾ?”

ಚಿಕ್ಕಪ್ಪನಿಗೆ ಎಲ್ಲವೂ ಅರ್ಥವಾಯಿತು. ಕುರ್ಚಿ ಎಳೆದುಕೊಂಡು ಕೂತರು.

“ಡ್ರೈವರ್ ಊಟಕ್ಕೆ ಹೋಗಿದ್ದ ಕಣೇ. ಅದು ಹೆಣಭಾರ. ಒಬ್ಬನೇ ಎಳೆಯೋಕೆ ಬೇಜಾರಾಯ್ತು.”

“ಹೋಗ್ಲಿ ಬಿಡಿ. ಪ್ರಬಂಧ ವಾಪಸ್ ತಗೋತೀನಿ. ಯಂತ್ರ ಕೂರಿಸೋದ್ರಲ್ಲಿ ತಪ್ಪಾಗಿದೆ ಅಂತ ಬರೀತೀನಿ, ಅಷ್ಟೇ. ನಿಮ್ಮ ಹೆಸರು ಬರಲ್ಲ.”

“ಹಾಕು.”

“ಯಾಕ್ರೀ?”

“ಪದರ ಸಿಕ್ಕಾಗ ಹಾಕಲಿಲ್ಲ. ಹೋಗುವಾಗಲಾದ್ರೂ ಇರಲಿ.”

ದನಿಯಲ್ಲಿ ಕೋಪವಿರಲಿಲ್ಲ, ಬರೀ ಸುಸ್ತು. ಚಿಕ್ಕಮ್ಮ ನನಗೆ ಅತಿ ಪ್ರಿಯಳು, ಆದರೂ ಇಲ್ಲಿ ನನಗೆ ಅವಳ ಮೇಲೇ ಸಿಟ್ಟು. ಆ ಪ್ರಬಂಧದ ಕೊನೆಯಲ್ಲಿ ಅವಳು ಡ್ರೈವರನಿಗೂ ಕೃತಜ್ಞತೆ ಹೇಳಿದ್ದಳು.