ಅಪರಾಧಶಾಸ್ತ್ರದ ಟೀಚರು

ಅವರ ಬಲಗೈಯಲ್ಲಿ ತೊನ್ನು ಇತ್ತು. ಬೆರಳ ತುದಿಯಿಂದ ಮಣಿಕಟ್ಟಿನ ತನಕ ಹಬ್ಬಿದ್ದ ಆ ಬಿಳುಪಿನಿಂದಾಗಿ, ಅವರು ಬೋರ್ಡಿನಲ್ಲಿ ಬರೆಯುವಾಗ ಸೀಮೆಸುಣ್ಣ ಎಲ್ಲಿ ಮುಗಿಯಿತು, ಬೆರಳು ಎಲ್ಲಿ ಶುರುವಾಯಿತು ಎಂದು ಹಿಂದಿನ ಬೆಂಚಿನವರಿಗೆ ತಿಳಿಯುತ್ತಿರಲಿಲ್ಲ. ಆ ಕೈಯನ್ನು ಅವರು ಸೆರಗಿನಲ್ಲಿ ಮುಚ್ಚಿಕೊಂಡದ್ದನ್ನು ನಾನು ಕಂಡಿಲ್ಲ.

ಎಪ್ಪತ್ತರ ದಶಕದ ಕೊನೆಗೆ ಉಡುಪಿಯ ಕಾಲೇಜಿನಲ್ಲಿ ಅವರು ನಮಗೆ ಸಮಾಜಶಾಸ್ತ್ರ ಕಲಿಸುತ್ತಿದ್ದರು. ಉಳಿದವರೆಲ್ಲ ನಮಗೆ ಮೇಡಂ, ಇವರೊಬ್ಬರು ಟೀಚರು. ಕ್ರೈಸ್ತರು, ಮನೆಮಾತು ಕೊಂಕಣಿ. ಮದುವೆಯಾಗಿರಲಿಲ್ಲ. ದಿನಾ ಕಾರ್ಕಳದಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು.

ಕೊನೆಯ ವರ್ಷ ಅಪರಾಧಶಾಸ್ತ್ರದ ಪಾಠವಿತ್ತು. ಯಾರಾದರೂ "ಕಳ್ಳರು ಅಂದರೆ ಹೀಗೆ" ಎಂದು ಶುರು ಮಾಡಿದರೆ ಟೀಚರು ಅಲ್ಲೇ ತಡೆಯುತ್ತಿದ್ದರು. "ಯಾವ ಕಳ್ಳ? ಒಬ್ಬನನ್ನು ಹೇಳು ನೋಡುವ." ಅಪರಾಧ ರಕ್ತದಲ್ಲೇ ಹರಿದು ಬರುತ್ತದೆ ಎಂಬ ಹಳೆಯ ವಾದವೊಂದು ಪಠ್ಯದಲ್ಲಿತ್ತು. ಅದನ್ನು ವಿವರಿಸಿ, "ಇದು ಪರೀಕ್ಷೆಗೆ ಮಾತ್ರ. ಮನೆಗೆ ತಗೊಂಡು ಹೋಗಬೇಡಿ" ಎಂದರು. ಎಲ್ಲರೂ ನಕ್ಕರು. ನಾನು ತಲೆ ತಗ್ಗಿಸಿ ಕೂತಿದ್ದೆ.

ನನ್ನ ಅಪ್ಪ ಬೊಂಬಾಯಿಯ ಹೋಟೆಲಿನಲ್ಲಿ ಇದ್ದಾರೆಂದು ಗೆಳತಿಯರು ನಂಬಿದ್ದರು. ಅಪ್ಪ ಇದ್ದದ್ದು ಘಟ್ಟದ ಮೇಲಿನ ಜೈಲಿನಲ್ಲಿ. ಮಲ್ಪೆಯಲ್ಲಿ ಬಲೆಯ ವಿಷಯಕ್ಕೆ ಎದ್ದ ಜಗಳದಲ್ಲಿ ಅವರು ದೋಣಿಯ ಹುಟ್ಟಿನಿಂದ ಹೊಡೆದ ಏಟಿಗೆ ಜೊತೆಯ ಮೀನುಗಾರರೊಬ್ಬರು ತೀರಿಕೊಂಡಿದ್ದರು. ಶಿಕ್ಷೆಯಾದಂದಿನಿಂದ ಕಾಪುವಿನ ನಮ್ಮ ಮನೆಯಲ್ಲಿ ಅಪ್ಪನ ಹೆಸರು ಎತ್ತುವಂತಿರಲಿಲ್ಲ. ಅಮ್ಮ ಅಷ್ಟು ಬೆಂದಿದ್ದಳು.

ಒಮ್ಮೆ ಟೀಚರು ನಮ್ಮನ್ನೆಲ್ಲ ಕಾರ್ಕಳದ ಕೋರ್ಟಿಗೆ ಕರೆದುಕೊಂಡು ಹೋದರು. ವಿಚಾರಣೆ ನೋಡಿ ಹೊರಗೆ ಬಂದು ಮರದ ಕೆಳಗೆ ನಿಂತಾಗ ಕೇಳಿದರು, "ಗೋಡೆಯ ಹತ್ತಿರ ಟಿಫಿನ್ ಕ್ಯಾರಿಯರ್ ಹಿಡಿದುಕೊಂಡು ಒಬ್ಬರು ಕೂತಿದ್ದರಲ್ಲ, ಅವರು ಯಾಕೆ ಬಂದದ್ದು?"

"ಸಾಕ್ಷಿ ಹೇಳಲಿಕ್ಕೆ ಇರಬೇಕು" ಎಂದರು ಯಾರೋ.

"ಊಟ ಕೊಡಲಿಕ್ಕೆ, ಟೀಚರ್" ಎಂದೆ. "ಪೊಲೀಸರು ಬಿಡ್ತಾರಾ ಇಲ್ಲವಾ ಗೊತ್ತಿಲ್ಲ. ಕೇಳಲಿಕ್ಕೆ ಹೆದರಿಕೆ. ಹಾಗೆ ಕೂತದ್ದು."

ಎಲ್ಲರೂ ನನ್ನನ್ನೇ ನೋಡಿದರು. ನಿನಗೆ ಹೇಗೆ ಗೊತ್ತು ಎಂದು ಟೀಚರು ಕೇಳಲಿಲ್ಲ. "ಬಸ್ಸಿಗೆ ಹೊತ್ತಾಯಿತು, ನಡೆಯಿರಿ" ಎಂದು ಎಲ್ಲರನ್ನೂ ಹೊರಡಿಸಿದರು.

ಮರುದಿನ ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದಾಗ ಕರೆದು, "ಯಾರು?" ಎಂದರು.

"ಅಪ್ಪ."

"ನೋಡಲಿಕ್ಕೆ ಹೋಗಿದ್ದೀಯಾ?"

ಇಲ್ಲವೆಂದು ತಲೆಯಾಡಿಸಿ, ಮಲ್ಪೆಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಟೀಚರು ಎಲ್ಲವನ್ನೂ ಕೇಳಿ, "ಸತ್ತವರ ಮನೆಯಲ್ಲಿಯೂ ಒಬ್ಬಳು ಮಗಳು ಇರಬಹುದು. ಅದನ್ನು ಮರೆಯಬೇಡ. ಹಾಗಂತ ಅಪ್ಪನನ್ನು ಬಿಡಲಿಕ್ಕೂ ಇಲ್ಲ" ಎಂದರು. ಆ ಭಾನುವಾರ ಕಾಪುವಿಗೆ ಬಂದು ಅಮ್ಮನ ಹತ್ತಿರ ಅಡುಗೆಮನೆಯಲ್ಲಿ ಕೂತು ತುಳುವಿನಲ್ಲಿ ಬಹಳ ಹೊತ್ತು ಮಾತಾಡಿದರು. ಏನು ಮಾತಾಡಿದರೋ, ಅಮ್ಮ ಕೊನೆಗೆ ಒಣಮೀನಿನ ಚಟ್ನಿ ಅರೆದು ಬಾಟಲಿಗೆ ತುಂಬಿ ಕೊಟ್ಟಳು.

ಜೈಲಿನ ಬಾಗಿಲ ತನಕ ಟೀಚರು ಬಂದರು. "ಒಳಗೆ ನೀನೇ ಹೋಗು. ಅಪ್ಪ ನಿನ್ನದಲ್ವಾ?" ಎಂದು ಹೊರಗಿನ ಕಟ್ಟೆಯಲ್ಲಿ ಕೂತರು.

ಅಪ್ಪ ಬಡವಾಗಿದ್ದರು. ಅಮ್ಮ ಚಟ್ನಿ ಕಳುಹಿಸಿದ್ದಾಳೆ ಎಂದಾಗ ಮುಖ ತಿರುಗಿಸಿಕೊಂಡರು. ಆಮೇಲೆ, "ಕಾಲೇಜಿನಲ್ಲಿ ಎಂತ ಕಲಿಯುವುದು?" ಎಂದು ಕೇಳಿದರು.

"ಮನುಷ್ಯರು ಯಾಕೆ ತಪ್ಪು ಮಾಡ್ತಾರೆ ಅಂತ."

"ಗೊತ್ತಾದರೆ ನನಗೂ ಹೇಳು" ಎಂದರು ಅಪ್ಪ.

ಹಿಂದಿರುಗುವಾಗ ಬಸ್ಸಿನಲ್ಲಿ ಈ ಮಾತನ್ನು ಟೀಚರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಳ್ಳಲಿಲ್ಲ. ಘಟ್ಟ ಇಳಿಯುವ ತನಕ ನನ್ನ ಕೈ ಅವರ ಕೈಯಲ್ಲಿತ್ತು.

ಅಪ್ಪ ಬಿಡುಗಡೆಯಾಗಿ ಬಂದಾಗ ನಾನು ಕೆಲಸಕ್ಕೆ ಸೇರಿದ್ದೆ. ಊರಿನವರು ಮಾತು ಬಿಟ್ಟಿದ್ದರು. ಟೀಚರು ಮಾತ್ರ ಆಗಾಗ ಬಂದು ಜಗಲಿಯಲ್ಲಿ ಕೂತು, "ಈ ಸಲ ಬಂಗುಡೆ ಹೇಗೆ?" ಎಂದು ಅಪ್ಪನನ್ನು ಕೇಳುತ್ತಿದ್ದರು. ಅಪ್ಪನಿಗೆ ಮಾತು ಮರಳಿದ್ದು ಹಾಗೆ, ಒಂದೊಂದೇ ಮೀನಿನ ಹೆಸರಿನಿಂದ.

ಎಂಬತ್ತರ ದಶಕ ಮುಗಿಯುವ ಮೊದಲೇ ಟೀಚರು ಹೋಗಿಬಿಟ್ಟರು. ಹೃದಯದ ತೊಂದರೆ ಇದ್ದದ್ದನ್ನು ಯಾರಿಗೂ ಹೇಳಿರಲಿಲ್ಲ. ನಾನೂ ಅಪ್ಪನೂ ಕಾರ್ಕಳಕ್ಕೆ ಹೋದೆವು. ಶವದ ಪೆಟ್ಟಿಗೆಯನ್ನು ಇಗರ್ಜಿಗೆ ಒಯ್ಯಲು ಎತ್ತುವಾಗ ಅಪ್ಪ ಸುಮ್ಮನೆ ಹೆಗಲು ಕೊಡಲು ಮುಂದೆ ಹೋದರು. ಜೈಲಿನಿಂದ ಬಂದ ಮೇಲೆ ನಮ್ಮೂರಿನ ಯಾವ ಸಾವಿನಲ್ಲೂ ಅವರನ್ನು ಹತ್ತಿರ ಸೇರಿಸಿರಲಿಲ್ಲ. ಪೆಟ್ಟಿಗೆ ಹಿಡಿದಿದ್ದ ಟೀಚರ ತಮ್ಮನಿಗೆ ಅಪ್ಪನ ಗುರುತು ಸಿಗಲಿಲ್ಲ, "ತಾವು ಯಾರು?" ಎಂದು ಮೆಲ್ಲಗೆ ಕೇಳಿದರು.

"ಟೀಚರಿಗೆ ಬೇಕಾದವನು" ಎಂದರು ಅಪ್ಪ.

ತಮ್ಮ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು.