ರ‍್ಯಾಕಿಂಗ್ ಮಾಡಲು ಮಾವನನ್ನು ಕರೆದದ್ದು

ನಾನು ವೈನ್ ಮಾಡಲು ಕಲಿಯಲಿಲ್ಲ, ವೈನಿನ ಪದಗಳನ್ನು ಕಲಿತೆ. ಕೊಪ್ಪದ ಬಸ್ ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ನನಗೆ ಗಿರಾಕಿಗಳಿಗಿಂತ ವಿಡಿಯೋಗಳೇ ಹೆಚ್ಚು. ತಿಂಗಳೊಳಗೆ ನನ್ನ ಬಾಯಿ ಪೂರಾ ಕೆಟ್ಟಿತು. ಸಕ್ಕರೆ, ಈಸ್ಟ್ ಹಾಕಿ ಕಲಸಿದ ಅನಾನಸ್ ರಾಡಿಗೆ ‘ಮಸ್ಟ್’ ಅಂದೆ. ತಳದಲ್ಲಿ ಕೂರುವ ಗಷ್ಟಿಗೆ ‘ಲೀಸ್’ ಅಂದೆ. ಒಳಗಿನ ಗಾಳಿ ಹೊರಗೆ ಹೋಗಿ, ಹೊರಗಿನದು ಒಳಗೆ ಬಾರದಂತೆ ಕ್ಯಾನಿನ ಬಾಯಿಗೆ ಸಿಕ್ಕಿಸುವ ನೀರಿನ ಕೊಳವೆ ‘ಏರ್‌ಲಾಕ್’. ಅಮ್ಮ ಊಟಕ್ಕೆ ಕರೆದರೆ, “ಫರ್ಮೆಂಟೇಶನ್ ನಡೀತಾ ಇದೆ” ಅನ್ನುತ್ತಿದ್ದೆ.

“ನೀನು ಹುಳಿ ಬಂದು ಸುಮಾರು ದಿನ ಆಯ್ತು ಮಾರಾಯ, ಉಣ್ಣಕ್ಕೆ ಬಾ.”

ಮೊದಲ ಸಲ ಏರ್‌ಲಾಕಿನ ಬಗ್ಗೆ ಅಮ್ಮನಿಗೆ ಅರ್ಧ ಗಂಟೆ ಪಾಠ ಮಾಡಿ, ಅದನ್ನು ಹಾಕುವುದನ್ನೇ ಮರೆತು, ಮುಚ್ಚಳ ಬಿಗಿದಿಟ್ಟೆ. ಕ್ಯಾನು ಗೋಂಕರುಕಪ್ಪೆಯ ಹಾಗೆ ಉಬ್ಬಿ ಮೂರನೇ ದಿನ ಮಧ್ಯಾಹ್ನ ಒಡೆಯಿತು. ಇರುವೆಗಳು ಶೃಂಗೇರಿಯಿಂದ ಬಸ್ ಹತ್ತಿ ಬಂದವು ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿ ನಗಿಸಿದೆ. ಮುಂದಿನದನ್ನು ಹೇಳಿ ಯಾರನ್ನೂ ನಗಿಸಿಲ್ಲ.

ಎರಡನೇ ಕ್ಯಾನು ಚೆನ್ನಾಗಿ ಬಂತು. ಆಮೇಲಿನ ಕೆಲಸ ರ‍್ಯಾಕಿಂಗ್: ಮೇಲಿನ ತಿಳಿಯನ್ನು ಗಷ್ಟು ಕದಡದಂತೆ ಪೈಪಿನಲ್ಲಿ ಎಳೆದು ಬೇರೆ ಕ್ಯಾನಿಗೆ ಇಳಿಸುವುದು. ನಾನು ಪೈಪಿನ ತುದಿ ಬಾಯಿಗಿಟ್ಟು ಎಳೆದ ರಭಸಕ್ಕೆ ಕೆಮ್ಮು ಬಂದು, ಕ್ಯಾನನ್ನು ಒದ್ದು, ಗಷ್ಟನ್ನೆಲ್ಲ ಎಬ್ಬಿಸಿದೆ. ಅದು ಮತ್ತೆ ತಿಳಿಯಾಗಲು ವಾರ ಹಿಡಿಯಿತು.

ಆಗ ಮಾವನ ನೆನಪಾಯಿತು. ಅಮ್ಮನ ತಮ್ಮ, ಹರಿಹರಪುರದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಾರೆ. ಎಂಜಿನ್ನಿನಿಂದ ಡೀಸೆಲ್ ತೆಗೆಯುವಾಗ ಪೈಪನ್ನು ಬಾಯಲ್ಲಿ ಎಳೆದು, ಹನಿ ನಾಲಿಗೆಗೆ ತಾಗುವ ಮೊದಲೇ ತುದಿಗೆ ಬೆರಳು ಒತ್ತಿಬಿಡುತ್ತಾರೆ. ಆ ಬೆರಳು ತಡವಾದದ್ದನ್ನು ನಾನು ನೋಡಿಲ್ಲ.

ಮಾವ ಕುಡಿತ ಬಿಟ್ಟು ಹದಿನಾಲ್ಕು ತಿಂಗಳಾಗಿತ್ತು. ಎರಡು ಸಲ ತವರಿಗೆ ಹೋಗಿ ಬಂದಿದ್ದ ಅತ್ತೆ, ಇನ್ನೊಂದು ಸಲ ಕುಡಿದರೆ ಹೋದವಳು ಬರುವುದಿಲ್ಲ ಎಂದು ಹೇಳಿಯೇ ಬಾಳುವೆಗೆ ಮರಳಿದ್ದರು. ಹಳೆಯ ಜೊತೆಗಾರರು ಕರೆಯುತ್ತಾರೆಂದು ಮಾವನ ಫೋನೂ ಅತ್ತೆಯ ಹತ್ತಿರವೇ. ಯಾರು, ಎಲ್ಲಿ, ಎಂತ ಕೆಲಸ ಎಂದು ಕೇಳಿಯೇ ಕಳಿಸುತ್ತಿದ್ದರು. ಆ ಫೋನಿಗೇ ಮಾಡಿದೆ.

“ಅತ್ತೆ, ಮಾವನ್ನ ಒಂಚೂರು ಕಳಿಸ್ತೀರಾ?”

“ಎಂತ ಕೆಲಸ?”

“ರ‍್ಯಾಕಿಂಗ್ ಮಾಡದಿತ್ತು. ಕ್ಯಾನಲ್ಲಿ ಲೀಸ್ ಕೂತಿದೆ, ನಂಗೆ ಪೈಪ್ ಎಳಿಯಕ್ಕೆ ಬರಲ್ಲ.”

“ಎಂತ ಭಾಷೆನೋ ನಿಂದು. ಸರಿ, ನಾಲ್ಕು ಗಂಟೆ ಬಸ್ಸಿಗೆ ವಾಪಸ್ ಹತ್ಸು.”

ಕನ್ನಡದಲ್ಲಿ ಹೇಳಿದರೆ ಕಳಿಸುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ.

ಅಮ್ಮ ಕಿಗ್ಗದಲ್ಲಿ ಮದುವೆಗೆ ಹೋಗಿದ್ದಳು. ಮಾವ ಬಂದು ಕ್ಯಾನಿನ ಮುಂದೆ ನಿಂತರು. ವಾಸನೆ ಹೇಳದೆ ಇರುತ್ತದೆಯೇ?

“ನಿಮ್ ಅತ್ತೆಗೆ ಎಂತ ಹೇಳಿದೀಯ?”

“ರ‍್ಯಾಕಿಂಗ್ ಅಂತ.”

ಮಾವ ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿದರು. ಆಮೇಲೆ ಪೈಪ್ ತೆಗೆದುಕೊಂಡು ಕುಕ್ಕರಗಾಲಲ್ಲಿ ಕೂತು ಎಳೆದರು. ತೆಳು ಹಳದಿ ಬಣ್ಣ ಪೈಪಿನೊಳಗೆ ಏರಿತು. ನಾನು ಬೆರಳನ್ನೇ ನೋಡುತ್ತಿದ್ದೆ. ಬೆರಳು ಮೊಣಕಾಲ ಮೇಲಿತ್ತು. ಗಂಟಲು ಎರಡು ಸಲ ಆಡಿದ ಮೇಲೆ ತುದಿಗೆ ಬಂತು.

“ತಪ್ಪೋಯ್ತು” ಅಂದರು.

“ಡೀಸೆಲ್ಲಿಗಿಂತ ಅಡ್ಡಿಲ್ಲ ಅಲ್ದಾ ಮಾವ?” ಅಂದೆ. ಇಂಥ ಹೊತ್ತಿಗೆ ನನ್ನ ಬಾಯಿಗೆ ಬರುವುದು ಇಂಥದ್ದೇ.

ಅರ್ಧ ಇಳಿಯುವಾಗ ಹರಿವು ನಿಂತಿತು. ತಾನಾಗಿ ನಿಲ್ಲಲಿಲ್ಲ. ಮಾವ ಪೈಪಿನ ಒಳತುದಿಯನ್ನು ಮೇಲಕ್ಕೆತ್ತಿ ಗಾಳಿ ಹೊಗಿಸಿದ್ದು ನನಗೆ ಕಂಡಿತು. ಮತ್ತೆ ಎಳೆದರು, ಇನ್ನೊಂದು ಸಲವೂ. ಪೈಪನ್ನು ಕೈಯಿಂದ ಕಿತ್ತುಕೊಳ್ಳಬಹುದಿತ್ತು. ಆದರೆ ಹೊಸ ಕ್ಯಾನಿಗೆ ಬೀಳುತ್ತಿದ್ದ ವೈನು ವಿಡಿಯೋದಲ್ಲಿದ್ದಷ್ಟೇ ತಿಳಿಯಾಗಿತ್ತು. ನಾನು ಅದನ್ನು ನೋಡಿ ಖುಷಿಪಡುತ್ತಿದ್ದೆ.

ನಾಲ್ಕು ಗಂಟೆ ಬಸ್ಸಿಗೆ ಹತ್ತಿಸಿದೆ. ಏಲಕ್ಕಿ ಕೇಳಿದರು, ಕೊಟ್ಟೆ.

ಮೂರನೇ ದಿನ ಕರೆಯದೆಯೇ ಅಂಗಡಿಗೆ ಬಂದರು. “ಇನ್ನೊಂದು ರ‍್ಯಾಕಿಂಗ್ ಮಾಡದಿರ್ತದೆ ಅಲ್ದಾ?”

“ಅದು ತಿಂಗಳು ಬಿಟ್ಟು, ಮಾವ.”

“ಹೌದಾ” ಅಂದು ರಸ್ತೆ ದಾಟಿ ಬ್ರಾಂದಿ ಅಂಗಡಿಯ ಸಾಲಿಗೆ ಹೋಗಿ ನಿಂತರು. ನನ್ನ ಕೈಯಲ್ಲಿ ಯಾರದೋ ಬಿಚ್ಚಿದ ಫೋನು ಇತ್ತು. ಹಲ್ಲಿನ ನಡುವೆ ಸ್ಕ್ರೂ ಇತ್ತು. ಕೂಗಲಿಲ್ಲ.

ಮಾರನೇ ದಿನ ಬೆಳಿಗ್ಗೆ ಅತ್ತೆ ನರಸಿಂಹರಾಜಪುರದ ತವರಿಗೆ ಹೋದರು. ಮಾವನನ್ನು ಅಮ್ಮ ನಮ್ಮ ಮನೆಗೆ ಕರೆತಂದಳು. ಕ್ಯಾನನ್ನು ಬಚ್ಚಲಿಗೆ ಸುರಿದವಳೂ ಅವಳೇ.

ವಾರ ಬಿಟ್ಟು ಅತ್ತೆಯನ್ನು ಕರೆಯಲು ಹೋದೆ. ದಾರಿಯುದ್ದಕ್ಕೂ ನಗೆ ಬರುವಂಥ ನಾಲ್ಕು ಮಾತು ಹೊಂದಿಸಿಕೊಂಡಿದ್ದೆ. ಅವರು ಹೆಬ್ಬಾಗಿಲಲ್ಲಿ ಕೂತು ಹಲಸಿನ ಬೀಜದ ಸಿಪ್ಪೆ ಸುಲಿಯುತ್ತಿದ್ದರು. ಆ ನಾಲ್ಕರಲ್ಲಿ ಒಂದೂ ಹೊರಡಲಿಲ್ಲ.

“ತಪ್ಪು ನಂದು ಅತ್ತೆ. ಮಾವಂದಲ್ಲ.”

“ನೀನು ಪೈಪ್ ಕೊಟ್ಟೆ. ಸಾಲಲ್ಲಿ ನಿಲ್ಸಿದ್ದೂ ನೀನೇನಾ?” ಅಂದರು. ದನಿ ಏರಿಸಲಿಲ್ಲ. “ನಂಗೆ ಕಾಯಕ್ಕೆ ಆಗಲ್ಲ ಇನ್ನು. ಉಂಡ್ಕಂಡ್ ಹೋಗು.”

ಉಂಡೆ. ಬಡಿಸುವಾಗ ಮಾವ ಹೇಗಿದ್ದಾರೆಂದು ಅವರು ಕೇಳಲಿಲ್ಲ.

ಮನೆಗೆ ಬಂದಾಗ ಮಾವ ಜಗಲಿಯಲ್ಲಿ ಎದ್ದು ನಿಂತರು. ಅಂಗಿಯ ಗುಂಡಿ ಹಾಕಿಕೊಂಡು, ತಲೆ ಬಾಚಿದ್ದರು. ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಗೇಟಿನ ಕಡೆ ನೋಡಿದರು.

“ಎಂತ ಅಂದ್ಲು?”

“ಊಟ ಹಾಕಿದ್ರು.”

“ಎಂತ ಊಟ?”

“ಹಲಸಿನ ಬೀಜದ ಸಾರು.”

“ಹ್ಞಾ” ಅಂದು ಮಾವ ಮತ್ತೆ ಕೂತರು.