ನೆಗೆಣ್ಣಿಯ ಗ್ರಹ

ಬಳ್ಳಾರಿಯ ಪಾರ್ವತಿನಗರದ ವೀರಭದ್ರಮ್ಮನವರ ಮನೆಯಲ್ಲಿ ನೆಗೆಣ್ಣಿಯರು ಇಬ್ಬರು. ದೊಡ್ಡ ಸೊಸೆ ದಾಕ್ಷಾಯಣಿ ಸಿರುಗುಪ್ಪದವಳು, ಕಾಲೇಜಿನಲ್ಲಿ ಫಿಜಿಕ್ಸ್ ಹೇಳುವವಳು. ತನ್ನ ಓಣಿಯಿಂದ ಅಷ್ಟು ಓದಿದ ಮೊದಲ ಹುಡುಗಿ. ಮೊದಲನೆಯವಳಾಗಿಯೇ ಅವಳಿಗೆ ಅಭ್ಯಾಸ. ಚಿಕ್ಕ ಸೊಸೆ ಗಂಗೋತ್ರಿ ಕುರುಗೋಡಿನವಳು, ಕಂಪ್ಯೂಟರ್ ಓದಿ ಬಂದವಳು. ಆಕಾಶಕ್ಕೆ ಹಾರಿಸಿದ ದೂರದರ್ಶಕ ಅಳೆದ ನಕ್ಷತ್ರಗಳ ಬೆಳಕನ್ನು ಯಾರು ಬೇಕಾದರೂ ಕೂತು ನೋಡಬಹುದು ಎಂದು ಅವಳಿಗೆ ಹೇಳಿಕೊಟ್ಟಿದ್ದೇ ದಾಕ್ಷಾಯಣಿ. ನಕ್ಷತ್ರದ ಮುಂದೆ ಗ್ರಹ ಹಾದುಹೋದರೆ ಬೆಳಕು ಒಂದಿಷ್ಟು ಕುಗ್ಗುತ್ತದೆ. ನಕ್ಷತ್ರ ಚಿಕ್ಕದಾದಷ್ಟೂ ಕುಗ್ಗಿದ್ದು ಚೆನ್ನಾಗಿ ಕಾಣುತ್ತದೆ.

ಅಂಥ ಒಂದು ಚಿಕ್ಕ ಕೆಂಪು ನಕ್ಷತ್ರವನ್ನು ದಾಕ್ಷಾಯಣಿ ನೋಡಿ, ಅದರ ಬೆಳಕು ಕುಗ್ಗಿದ್ದು ಮೈಮೇಲಿನ ಕಲೆಯಿಂದ ಇರಬೇಕು ಎಂದು ಬಿಟ್ಟಿದ್ದಳು. ಗಂಗೋತ್ರಿ ಬಿಡಲಿಲ್ಲ. ಅವಳು ಬರೆದು ಕಳಿಸಿದ್ದನ್ನು ಹೊರದೇಶದ ವಿಜ್ಞಾನಿಗಳು ದೊಡ್ಡ ದೂರದರ್ಶಕದಲ್ಲಿ ನೋಡಿ, ಗ್ರಹವೇ ಇರಬಹುದು ಎಂದರು. ನಮ್ಮ ಭೂಮಿಗಿಂತ ಒಂದೂವರೆ ಪಟ್ಟು ಅಗಲ. ಆ ನಕ್ಷತ್ರ ನಮ್ಮ ಸೂರ್ಯನಷ್ಟು ಸುಡದ ಕಾರಣ, ಗ್ರಹ ಅದಕ್ಕೆ ಹತ್ತಿರವಿದ್ದರೂ ಅಲ್ಲಿ ಬಿಸಿಲು ಹದವಾಗಿ ಬೀಳುತ್ತದಂತೆ.

ವೀರಭದ್ರಮ್ಮ ಹಾಲು ಹಾಕುವವನಿಗೂ ಬಿಡದೆ ಹೇಳಿದರು. ದೇಶನೂರಿನಿಂದ ಬಂದ ಅವರ ತಮ್ಮ ದೊಡ್ಡಬಸಪ್ಪ ಮೀಸೆಯಲ್ಲೇ ನಕ್ಕ.

"ಸಣ್ಣ ಸೊಸಿ ಭೂಮಿ ಹುಡುಕ್ಯಾಳಂತ! ನೀರಾವರಿನೋ, ಬರೇ ಕಲ್ಲೋ?"

"ಅದಿನ್ನೂ ಗೊತ್ತಿಲ್ರಿ ಮಾವ. ಅಗಲ ಸಿಕ್ಕೈತಿ, ತೂಕ ಸಿಕ್ಕಿಲ್ಲ. ತೂಕ ಸಿಕ್ಕರ ಕಲ್ಲೋ ನೀರೋ ಹೇಳಬಹುದು," ಎಂದಳು ಗಂಗೋತ್ರಿ.

ತಾನು ಹೇಳಿಕೊಟ್ಟ ಮಾತು, ತನ್ನದೇ ಧಾಟಿ. ದಾಕ್ಷಾಯಣಿಗೆ ಅದನ್ನು ಕೇಳಿ ಕೂರಲಾಗಲಿಲ್ಲ. ಆಕಾಶದ ವಿಚಾರ ಬಂದರೆ ಮನೆಯವರೆಲ್ಲ ಇಷ್ಟು ವರ್ಷ ತಿರುಗುತ್ತಿದ್ದುದು ಅವಳ ಕಡೆಗೆ.

"ಅದು ಗ್ರಹ ಅಲ್ಲ," ಎಂದುಬಿಟ್ಟಳು. "ಆ ನಕ್ಷತ್ರದ ಹಿಂದ ಯಾವುದೋ ಜೋಡಿ ನಕ್ಷತ್ರ ಅಡಗಿರತಾವ. ಒಂದಕ್ಕೊಂದು ಅಡ್ಡ ಬಂದು ಬೆಳಕು ಕುಗ್ಗೈತಿ. ನಾ ತೋರಸ್ತೀನಿ."

ಗಂಗೋತ್ರಿಯ ಮುಖ ಸಣ್ಣದಾಯಿತು. "ತೋರಸ್ರಿ ಅಕ್ಕಾ. ಆ ವಿಜ್ಞಾನಿಗಳೂ ಅದನ್ನ ಕೇಳಾಕತ್ತ್ಯಾರ."

ಅಂದಿನಿಂದ ದಾಕ್ಷಾಯಣಿ ಕಾಲೇಜಿನಿಂದ ಬಂದವಳೇ ಲ್ಯಾಪ್‌ಟಾಪ್ ಮುಂದೆ ಕೂರತೊಡಗಿದಳು. ಸ್ವಂತಕ್ಕೊಂದು ಗ್ರಹ ಹುಡುಕುವಾಗಲೂ ಇಷ್ಟು ಶ್ರದ್ಧೆ ಅವಳಿಗಿರಲಿಲ್ಲ. ಜೋಡಿ ನಕ್ಷತ್ರವಾದರೆ ಸಲದಿಂದ ಸಲಕ್ಕೆ, ಬಣ್ಣದಿಂದ ಬಣ್ಣಕ್ಕೆ ಕುಗ್ಗುವುದು ಬೇರೆಯಾಗಬೇಕು. ಒಂದು ಸಲ ಕುಗ್ಗಿದ್ದನ್ನು ಮುಂದಿನ ಸಲದ್ದರ ಪಕ್ಕ ಇಟ್ಟಳು: ಒಂದೇ ಆಳ. ಕೆಂಪು ಬೆಳಕನ್ನೂ ನೀಲಿ ಬೆಳಕನ್ನೂ ಬೇರೆ ಮಾಡಿ ನೋಡಿದಳು: ಅಲ್ಲೂ ವ್ಯತ್ಯಾಸವಿಲ್ಲ. ಕೊನೆಗೆ ಆಕಾಶದ ಹಳೆಯ ಫೋಟೊ ತೆಗೆದಳು. ನಮಗೆ ಹತ್ತಿರದ ನಕ್ಷತ್ರಗಳು ವರ್ಷ ಕಳೆದಂತೆ ಆಕಾಶದಲ್ಲಿ ಸರಿಯುತ್ತವೆ. ಅಜ್ಜಿಯರ ಕಾಲದ ಆ ಫೋಟೊದಲ್ಲಿ ಈ ನಕ್ಷತ್ರ ಇನ್ನೂ ಆಚೆ ಇತ್ತು. ಈಗ ಅದು ನಿಂತಿರುವ ಜಾಗದ ಹಿಂದೆ ಜೋಡಿ ಇದ್ದದ್ದೇ ಆದರೆ, ಆಗ ಮರೆಯಿಲ್ಲದೆ ಕಾಣಲೇಬೇಕು. ಇರಲಿ ದೇವರೇ, ಒಂದು ಚುಕ್ಕಿಯಾದರೂ ಇರಲಿ ಎಂದುಕೊಳ್ಳುತ್ತ ದೊಡ್ಡದು ಮಾಡಿ ನೋಡಿದಳು.

ಖಾಲಿ.

ಅಡುಗೆಮನೆಯಲ್ಲಿ ಗಂಗೋತ್ರಿ ರೊಟ್ಟಿ ಬಡಿಯುತ್ತಿದ್ದಳು. ದಾಕ್ಷಾಯಣಿ ಬಾಗಿಲಲ್ಲಿ ನಿಂತಳು. ಫೋಟೊ ಮಸುಕಾಗಿತ್ತು, ಏನೂ ತಿಳಿಯಲಿಲ್ಲ ಎಂಬ ಮಾತು ಬಾಯಿಯವರೆಗೂ ಬಂದಿತ್ತು. ಆದರೆ ಹಾಗೆಂದರೆ, ಕಲೆ ಎಂದು ಬಿಟ್ಟ ಮೊದಲ ಸಲದಂತೆ ಈ ಸಲವೂ ತನ್ನ ಕಣ್ಣೇ ತಪ್ಪಿತು ಎಂದಾಗುತ್ತದೆ. ಅದನ್ನು ಅವಳು ತಾಳಲಾರಳು.

"ಸಿಕ್ತೇನ್ರಿ ಅಕ್ಕಾ?"

"ಏನಿಲ್ಲ."

"ಏನಿಲ್ಲ ಅಂದ್ರ?"

"ಖಾಲಿ ಐತ್ಲೇ! ಜೋಡಿ ಇಲ್ಲ, ಗೀಡಿ ಇಲ್ಲ. ನಿಂದು ಗ್ರಹಾನ. ಸಂತೋಷ ಆತೇನು?"

ಗಂಗೋತ್ರಿ ಹಿಟ್ಟಿನ ಕೈಯಲ್ಲೇ ಅವಳನ್ನು ತಬ್ಬಿಕೊಂಡಳು. ದಾಕ್ಷಾಯಣಿ ಬಿಡಿಸಿಕೊಂಡು ಸೀರೆ ಕೊಡವಿದಳು. ಇಲ್ಲವೆನಿಸಲು ಹೋಗಿ, ಆ ಗ್ರಹವನ್ನು ತಾನೇ ಗಟ್ಟಿ ಮಾಡಿ ಬಂದಿದ್ದಳು.

ಊಟವಾದ ಮೇಲೆ ಗಂಗೋತ್ರಿ ವಿಜ್ಞಾನಿಗಳಿಗೆ ಬರೆಯಲು ಕೂತಳು.

"ನಮ್ಮ ಅಕ್ಕಾರು ನೆರವಾದರು ಅಂತ ಹಾಕ್ಲೇನ್ರಿ?"

"ನೆರವಾದರು ಅನಬ್ಯಾಡ. ಪರೀಕ್ಷೆ ಮಾಡಿದರು ಅಂತ ಹಾಕು. ನಿನಗ ನೆರವಾಗಾಕ ನಾ ನೋಡಿಲ್ಲ."

"ಗೊತ್ತೈತ್ರಿ ಅಕ್ಕಾ," ಎಂದು ಗಂಗೋತ್ರಿ ನಗುತ್ತ ಹಾಗೇ ಹಾಕಿದಳು.

"ನಗಬ್ಯಾಡ. ಹೆಸರು ಪೂರಾ ಹಾಕು."